ಶರಭವೂ ಗಂಡಭೇರುಂಡವೂ

ಶರಭಕ್ಕೂ ಗಂಡಭೇರುಂಡಕ್ಕೂ ಕಾಳಗವಾದರೆ ಗೆಲ್ಲುವುದು ಯಾವುದು? ಇದು ಮಕ್ಕಳ ಪ್ರಶ್ನೆಯೆಂದು ಶ್ರೋತೃಗಳು ನಗಬಹುದು. ಆದರೆ ನಮ್ಮ ಪುರಾಣಿಕರೂ ಶಿಲ್ಪಿಗಳೂ ಇದನ್ನು ನಗೆಯ ಮಾತೆಂದು ಎಣಿಸಲಿಲ್ಲ. ಅವರು ಕೊಟ್ಟ ಉತ್ತರಗಳನ್ನು ಈ ಹೊತ್ತು ಪರಿಶೀಲಿಸೋಣ.

ಮೊದಲು ಎದುರಾಳಿಗಳ ಬಲಾಬಲ. ಶರಭವು ಎಂಟು ಕಾಲಿನ ಮೃಗ. ಸಿಂಹವನ್ನೂ ಕೊಲ್ಲಬಲ್ಲದೆಂದು ಪ್ರಸಿದ್ಧಿ. ಮಹಾಭಾರತದ ಶಾಂತಿಪರ್ವದಲ್ಲಿ ಋಷಿಯೊಬ್ಬನು ತನ್ನನ್ನು ನಂಬಿದ ನಾಯಿಯನ್ನು ಚಿರತೆ, ಹುಲಿ, ಆನೆ, ಸಿಂಹಗಳನ್ನಾಗಿ ಮಾಡುತ್ತ ಬಂದು, ಕಡೆಗೆ ಶರಭವನ್ನಾಗಿ ಮಾಡುತ್ತಾನೆ. ಅದು ಋಷಿಯನ್ನೇ ಕೊಲ್ಲಬಗೆಯಲು ಮರಳಿ ನಾಯಿಯಾಗುತ್ತದೆ. ಆ ಕಥೆಯ ಮಟ್ಟಿಗೆ ಶರಭವನ್ನು ಮೀರಿದ ಮೃಗವಿಲ್ಲ. ಗಂಡಭೇರುಂಡವಾದರೋ ಎರಡು ತಲೆಯ ಪಕ್ಷಿ. ಕೊಕ್ಕುಗಳಲ್ಲಿಯೂ ಉಗುರುಗಳಲ್ಲಿಯೂ ಆನೆಗಳನ್ನೆತ್ತಿಕೊಂಡ ಅದರ ರೂಪವನ್ನು ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಕಾಣುತ್ತೇವೆ.

ಇವೆರಡನ್ನೂ ಕಣಕ್ಕಿಳಿಸಿದುದು ಮತಾಭಿಮಾನ. ಹಿರಣ್ಯಕಶಿಪುವನ್ನು ಸೀಳಿದ ಮೇಲೂ ನರಸಿಂಹನ ಕೋಪವು ತಣಿಯಲಿಲ್ಲವೆಂದೂ, ಶಿವನು ಶರಭರೂಪದಿಂದ ಅದನ್ನು ಅಡಗಿಸಿದನೆಂದೂ ಲಿಂಗಪುರಾಣ, ಶಿವಪುರಾಣಗಳು ಹೇಳುತ್ತವೆ. ತಮಿಳುನಾಡಿನ ದಾರಾಸುರದ ಚೋಳ ದೇವಾಲಯದಲ್ಲಿ ಈ ಶರಭಮೂರ್ತಿಯುಂಟು. ವೈಷ್ಣವರು ಸುಮ್ಮನಿರಲಿಲ್ಲ, ನರಸಿಂಹನೇ ಗಂಡಭೇರುಂಡನಾಗಿ ಶರಭವನ್ನು ಸೋಲಿಸಿದನೆಂದರು. ಕಥೆ ಹೇಳುವವನು ಯಾರೋ ಗೆಲವೂ ಅವನದೇ!

ಬೇಲೂರಿನ ಶಿಲ್ಪಿಯ ತೀರ್ಪು ಬೇರೆಯ ಬಗೆಯದು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯಲ್ಲಿ ಒಂದು ಫಲಕವಿದೆ. ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿವೆ. ಪಕ್ಕದಲ್ಲಿ ಋಷಿಯೊಬ್ಬನು ಬೆರಗಾಗಿ ನೋಡುತ್ತಿದ್ದಾನೆ. ವಿಷ್ಣುವಿನ ಗುಡಿಯಲ್ಲಿ ಗಂಡಭೇರುಂಡವು ಗೆದ್ದುದು ಆಶ್ಚರ್ಯವಲ್ಲ. ಆದರೆ ಹಿಡಿದವನನ್ನು ಹಿಡಿಯುವವನೊಬ್ಬನು ಹಿಂದೆಯೇ ಇರುವನೆಂಬ ಮಾತು ಯಾವ ಮತಕ್ಕೂ ಸೇರಿದುದಲ್ಲ, ಬಲವುಳ್ಳವರೆಲ್ಲರಿಗೂ ಸಲ್ಲುವಂಥದು.

ಈ ಪಕ್ಷಿಯೂ ಒಂದೇ ಮತದ ಸ್ವತ್ತಾಗಿ ಉಳಿಯಲಿಲ್ಲ. ಬಳ್ಳಿಗಾವಿಯಲ್ಲಿ 1047ರಲ್ಲಿ ಚಾವುಂಡರಾಯನು ಗಂಡಭೇರುಂಡಸ್ತಂಭವನ್ನು ನಿಲ್ಲಿಸಿದುದು ಶಿವಾಲಯದ ಮುಂದೆ. ಶಿವಭಕ್ತರಾದ ಕೆಳದಿಯ ಅರಸರ ರಾಮೇಶ್ವರ ದೇವಾಲಯದ ಛತ್ತಿನಲ್ಲಿಯೂ ಅದು ಕೆತ್ತಲ್ಪಟ್ಟಿದೆ.

ಕೊನೆಯ ಉತ್ತರವನ್ನು ಮೈಸೂರಿನ ರಾಜಲಾಂಛನದಲ್ಲಿ ನೋಡಬೇಕು. ನಡುವೆ ಗಂಡಭೇರುಂಡ, ಇಕ್ಕೆಲಗಳಲ್ಲಿ ಸಿಂಹದ ಒಡಲೂ ಆನೆಯ ಮೊಗವೂ ಉಳ್ಳ ಎರಡು ಮೃಗಗಳು. ಶಿಲ್ಪದ ಶರಭಕ್ಕಿಂತ ರೂಪವು ಬೇರೆಯಾದರೂ ಇವನ್ನು ಶರಭಗಳೆಂದೇ ಕರೆಯುವ ವಾಡಿಕೆಯುಂಟು. ಕರ್ನಾಟಕ ರಾಜ್ಯದ ಲಾಂಛನವೂ ಇದೇ ವಿನ್ಯಾಸವನ್ನು ಉಳಿಸಿಕೊಂಡಿದೆ. ಪುರಾಣದಲ್ಲಿ ಒಂದನ್ನೊಂದು ಸೀಳಬಂದವು ಇಲ್ಲಿ ಒಂದೇ ನಾಡನ್ನು ಕಾಯುತ್ತ ನಿಂತಿವೆ. ಗೆದ್ದುದು ಯಾವುದೆಂದು ಇನ್ನೂ ಕೇಳುವವರು ಆ ಲಾಂಛನವನ್ನು ಮತ್ತೊಮ್ಮೆ ನೋಡಲಿ.