ಹಾಲುಹಲ್ಲಿಗೆ ಹಾಕುವ ಔಷಧಿಯಲ್ಲಿ ಏನಿದೆ?

ಮಕ್ಕಳೇ, ಹಲ್ಲುನೋವಿನಿಂದ ರಾತ್ರಿಯೆಲ್ಲ ಅತ್ತವರು ನಿಮ್ಮಲ್ಲಿ ಎಷ್ಟು ಜನ? ಊರಿಗೆ ಫೋನ್ ಮಾಡಿದರೆ ಅಜ್ಜಿ, "ಲವಂಗ ಇಟ್ಕೋ ಮಗು" ಅಂತಾರೆ. ಲವಂಗದಲ್ಲಿರುವ ಯೂಜೆನಾಲ್ ನೋವನ್ನು ಸ್ವಲ್ಪ ಹೊತ್ತು ಕಡಿಮೆ ಮಾಡುತ್ತದೆ, ನಿಜ. ಆದರೆ ಹುಳುಕು ಹಾಗೇ ಇರುತ್ತದೆ.

ಹಲ್ಲಿನೊಳಗೆ ನರ, ರಕ್ತನಾಳಗಳಿರುವ ಮೆತ್ತನೆಯ ತಿರುಳು ಇದೆ. ಹುಳುಕು ಅಲ್ಲಿವರೆಗೆ ಹೋದರೆ ಡಾಕ್ಟರು ಮೇಲಿನ ಕೆಟ್ಟ ತಿರುಳನ್ನು ತೆಗೆದು, ಬೇರಿನಲ್ಲಿ ಉಳಿದ ಒಳ್ಳೆಯ ತಿರುಳಿಗೆ ಔಷಧಿ ಹಾಕಿ ಮುಚ್ಚುತ್ತಾರೆ. ಇದೇ ಪಲ್ಪಾಟಮಿ. "ಬಿದ್ದುಹೋಗೋ ಹಲ್ಲಿಗೆ ಯಾಕೆ ಇಷ್ಟೆಲ್ಲ?" ಅಂತ ಕೇಳುವ ಅಪ್ಪ ಅಮ್ಮಂದಿರಿದ್ದಾರೆ. ಹಿಂದಿನ ಹಾಲುಹಲ್ಲುಗಳು ಬೀಳುವುದು ಸುಮಾರು 10ರಿಂದ 12ನೇ ವಯಸ್ಸಿಗೆ. ಬೇಗ ಕಿತ್ತರೆ ಪಕ್ಕದ ಹಲ್ಲು ವಾಲಿ, ಹೊಸ ಹಲ್ಲಿಗೆ ಜಾಗ ಸಾಲದೆ ಹೋಗಬಹುದು.

ಈಗ ಔಷಧಿಯ ವಿಷಯ. 1904ರಲ್ಲಿ ಬಕ್ಲಿ ಎಂಬ ಅಮೆರಿಕದ ದಂತವೈದ್ಯರು ಫಾರ್ಮೊಕ್ರೆಸಾಲ್ ಎಂಬ ಔಷಧಿಯನ್ನು ಪರಿಚಯಿಸಿದರು. ಅದರಲ್ಲಿರುವುದು ಫಾರ್ಮಾಲ್ಡಿಹೈಡ್, ಲ್ಯಾಬಿನಲ್ಲಿ ಕಪ್ಪೆಯನ್ನು ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿ ಇರುವುದೂ ಅದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಇದನ್ನು ಕ್ಯಾನ್ಸರ್ ತರಬಲ್ಲ ವಸ್ತುಗಳ ಸಾಲಿಗೆ ಸೇರಿಸಿತು. ಇದನ್ನು ಓದಿದ ಯಾವ ತಂದೆ ತಾಯಿಗೂ ಭಯವಾಗುತ್ತದೆ.

ಆದರೆ ಎಷ್ಟು, ಎಷ್ಟು ಹೊತ್ತು, ಯಾವ ದಾರಿಯಲ್ಲಿ ಅನ್ನೋದನ್ನೂ ಕೇಳಬೇಕು. ಆ ತೀರ್ಮಾನಕ್ಕೆ ಮುಖ್ಯ ಆಧಾರ, ಕೆಲಸದ ಜಾಗದಲ್ಲಿ ಅದರ ಆವಿಯನ್ನು ವರ್ಷಗಟ್ಟಲೆ ಉಸಿರಾಡಿದವರು. ಹಲ್ಲಿಗಾದರೆ ಔಷಧಿಯಲ್ಲಿ ಅದ್ದಿ ಹಿಂಡಿದ ಪುಟ್ಟ ಹತ್ತಿಯುಂಡೆಯನ್ನು ಕೆಲವೇ ನಿಮಿಷ ಇಟ್ಟು ತೆಗೆಯುತ್ತಾರೆ. ನಮ್ಮ ದೇಹವೂ ಫಾರ್ಮಾಲ್ಡಿಹೈಡನ್ನು ತುಸು ತಯಾರಿಸುತ್ತದೆ. ಹಾಗಾಗಿ ಹಿಂದೆ ಈ ಚಿಕಿತ್ಸೆ ಮಾಡಿಸಿದವರು ಗಾಬರಿಯಾಗಬೇಕಿಲ್ಲ.

ಹಾಗಿದ್ದರೂ ಬೇರೆ ಒಳ್ಳೆಯ ಔಷಧಿ ಇರುವಾಗ ಅದನ್ನೇ ಆರಿಸೋದು ಜಾಣತನ ಅಲ್ಲವೇ? 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಎಂಟಿಎ ಎಂಬ ಪುಡಿ ರೂಪುಗೊಂಡಿತು. ಅದರ ಮುಖ್ಯ ಭಾಗ ಏನು ಗೊತ್ತಾ? ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಶುದ್ಧ ರೂಪ! ತೇವದಲ್ಲೇ ಗಟ್ಟಿಯಾಗಿ, ತಿರುಳನ್ನು ಜೀವಂತವಾಗಿ ಉಳಿಸುತ್ತದೆ. ಬೆಲೆ ಜಾಸ್ತಿ, ಹಲ್ಲಿನ ಬಣ್ಣ ಸ್ವಲ್ಪ ಮಂಕಾಗಬಹುದು.

ಇನ್ನೊಂದು ಮಾತು. ರೂಟ್ ಕೆನಾಲ್ ಮಾಡುವಾಗ ಹಲ್ಲಿನ ಒಳಭಾಗ ತೊಳೆಯುವ ದ್ರವ ಸೋಡಿಯಂ ಹೈಪೋಕ್ಲೋರೈಟ್. ಇಲ್ಲಿ ನೈರೋಬಿಯಲ್ಲಿ ನಾವು ಬಟ್ಟೆಗೆ ಹಾಕುವ ಜಿಕ್‌ನಲ್ಲಿರುವುದೂ ಅದೇ. ಅದು ಬಾಯಿಗೆ, ಗಂಟಲಿಗೆ ಹೋಗದಿರಲಿ ಅಂತಲೇ ಡಾಕ್ಟರು ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟುತ್ತಾರೆ. ಮನೆಯಲ್ಲಿ ಜಿಕ್ ಅನ್ನು ಹಲ್ಲಿಗೆ ಮುಟ್ಟಿಸಲೇಬೇಡಿ!

ಪೋಷಕರೇ, ಮುಂದಿನ ಸಲ ಡಾಕ್ಟರ ಹತ್ತಿರ ಎರಡು ಪ್ರಶ್ನೆ ಕೇಳಿ: "ಯಾವ ಔಷಧಿ ಹಾಕ್ತೀರಿ? ರಬ್ಬರ್ ಹಾಳೆ ಕಟ್ತೀರಾ?" ಮಕ್ಕಳೇ, ನೀವು ರಾತ್ರಿ ಮಲಗುವ ಮುಂಚೆ ಹಲ್ಲುಜ್ಜಿ. ಆಗ ಅಪ್ಪ ಅಮ್ಮನಿಗೆ ಈ ಪ್ರಶ್ನೆ ಕೇಳುವ ಕೆಲಸವೇ ಬರಲಿಕ್ಕಿಲ್ಲ.