ಪ್ರಾರ್ಥನೆ ನಿಂತ ಮನೆಗೆ ನೆರೆಯವರು ಬರಬೇಕು

2021ರ ನವೆಂಬರ್ 28, ಭಾನುವಾರ. ಹಾಸನ ಜಿಲ್ಲೆಯ ಬೇಲೂರಿನ ಕ್ರೈಸ್ತ ಪ್ರಾರ್ಥನಾ ಮಂದಿರವೊಂದಕ್ಕೆ ಬಜರಂಗದಳದ ಕಾರ್ಯಕರ್ತರು ನುಗ್ಗಿದರು. ಅಲ್ಲಿ ಮತಾಂತರ ನಡೆಯುತ್ತಿದೆ ಎಂಬುದು ಅವರ ಆರೋಪ. ಪ್ರಾರ್ಥನೆ ಅರ್ಧಕ್ಕೇ ನಿಂತಿತು. ಆದರೆ ಅಂದಿನ ವಿಡಿಯೊ ರಾಜ್ಯದಾಚೆಗೂ ಹರಿದಾಡಿದ್ದು ನುಗ್ಗಿದವರಿಂದಾಗಿ ಅಲ್ಲ, ಒಳಗಿದ್ದ ಹೆಣ್ಣುಮಕ್ಕಳಿಂದಾಗಿ. ಅವರು ಕೂತಲ್ಲಿಂದ ಎದ್ದು ಬಂದರು, ಎದುರು ನಿಂತು ದನಿ ಏರಿಸಿ ಪ್ರಶ್ನಿಸಿದರು. ಕೊನೆಗೆ ಪೊಲೀಸರು ಬಂದು ಪರಿಸ್ಥಿತಿ ತಿಳಿಗೊಳಿಸಿದರು.

ಆ ಹೆಣ್ಣುಮಕ್ಕಳ ಧೈರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಹೊಗಳಿ ಸುಮ್ಮನಾದರೆ ಊರಿನವರ ಪಾಲಿನ ಕೆಲಸ ಹಾಗೇ ಉಳಿಯುತ್ತದೆ. ದಾಳಿ ನಡೆದ ದಿನಕ್ಕಿಂತ ಅದರ ಮಾರನೆಯ ದಿನಗಳು ಕಷ್ಟದವು. ಇದು ಬೇಲೂರಿನ ಮಾತಷ್ಟೇ ಅಲ್ಲ. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಆ ವರ್ಷದ ಜನವರಿಯಿಂದ ನವೆಂಬರ್‌ವರೆಗೆ ಕರ್ನಾಟಕದಲ್ಲಿ ಕ್ರೈಸ್ತರ ಮೇಲಿನ ದಾಳಿಯ 39 ಪ್ರಕರಣಗಳನ್ನು ದಾಖಲಿಸಿತ್ತು. ಏಟಿನ ಗಾಯ ಮಾಯುತ್ತದೆ. ಮುಂದಿನ ಭಾನುವಾರ ಎಲ್ಲಿ ಸೇರುವುದು ಎಂಬ ಅಂಜಿಕೆ ಅಷ್ಟು ಬೇಗ ಹೋಗುವುದಿಲ್ಲ.

ಹಾಸನ ಜಿಲ್ಲೆಗೆ ಕ್ರೈಸ್ತರು ಹೊಸಬರಲ್ಲ. ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಯಲ್ಲಿ ಎದ್ದು ಕಾಣುವ ಶೆಟ್ಟಿಹಳ್ಳಿಯ ಚರ್ಚನ್ನು ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದರು. ಹಾಸನದ ರೆಡ್‌ಫರ್ನ್ ಮಿಷನ್ ಆಸ್ಪತ್ರೆ ಎಲ್ಲ ಜಾತಿ ಮತದವರಿಗೂ ಹೆರಿಗೆ ಮಾಡಿಸಿದೆ, ಔಷಧಿ ಕೊಟ್ಟಿದೆ. ಆದರೆ ಇಂಥ ದಾಳಿಗೆ ಹೆಚ್ಚಾಗಿ ಸಿಗುವುದು ಗೋಪುರ ಗಂಟೆಗಳಿರುವ ಚರ್ಚುಗಳಲ್ಲ. ಬಾಡಿಗೆ ಕೋಣೆಯಲ್ಲಿ ಚಾಪೆ ಹಾಸಿ ಹಾಡು ಹೇಳಿಕೊಳ್ಳುವ ಸಣ್ಣ ಸಣ್ಣ ಗುಂಪುಗಳು.

ಬೇಲೂರು ತಾಲ್ಲೂಕಿನ ಅರೇಹಳ್ಳಿಯಂಥ ಕಾಫಿ ಹೋಬಳಿಯಲ್ಲಿ ಇದನ್ನು ಸ್ವಲ್ಪ ಯೋಚಿಸಿ ನೋಡಿ. ನವೆಂಬರ್ ಕೊನೆ ಎಂದರೆ ಹಣ್ಣು ಕುಯ್ಲಿನ ಹೊತ್ತು. ತೋಟದ ಕೂಲಿಯವರ ಲೈನ್ ಮನೆಯಲ್ಲಿರುವ ಹೆಂಗಸು ಠಾಣೆಗೆ ದೂರು ಕೊಡಲು ಹೋದರೆ ಅಂದಿನ ಕೂಲಿ ಹೋಯಿತು. ಬಟವಾಡೆಯಲ್ಲಿ ಅದು ಎದ್ದು ಕಾಣುತ್ತದೆ. ತೋಟದ ರೈಟರ್ ಕೇಳುತ್ತಾನೆ, ಪಕ್ಕದ ಮನೆಯವಳು ಕೇಳುತ್ತಾಳೆ. ಬಾಡಿಗೆ ಕೊಟ್ಟವರು ‘ನಮಗ್ಯಾಕಪ್ಪ ಈ ರಗಳೆ’ ಎಂದರೆ ಪ್ರಾರ್ಥನೆಯ ಕೋಣೆಯೂ ಹೋಯಿತು. ಇಷ್ಟೆಲ್ಲ ಎಣಿಸಿ ಬಡವರು ದೂರನ್ನೇ ಕೊಡುವುದಿಲ್ಲ. ದೂರಿಲ್ಲದ ಮೇಲೆ ಘಟನೆಯೇ ನಡೆದಿಲ್ಲ ಎಂದಾಗುತ್ತದೆ.

ಅದಕ್ಕೇ ನೆರವು ಇಲ್ಲಿಂದಲೇ ಶುರುವಾಗಬೇಕು. ಠಾಣೆಗೆ ಜೊತೆಗೆ ಹೋಗುವವರು ಬೇಕು, ಸಾಕ್ಷಿ ಹೇಳುವವರು ಬೇಕು, ಕಳೆದುಹೋದ ಕೂಲಿ ತುಂಬಿಕೊಡುವವರು ಬೇಕು. ಪ್ರಾರ್ಥನಾ ಸಭೆಗೆ ಅಡ್ಡಿಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 300ನೇ ಕಲಮಿನಡಿ ಅಪರಾಧ, ಪೂಜಾಸ್ಥಳಕ್ಕೆ ಹಾನಿ ಮಾಡುವುದು 298ರಡಿ. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು. ಠಾಣೆಯಲ್ಲಿ ದಾಖಲಿಸದಿದ್ದರೆ ಎಸ್‌ಪಿಗೆ ಬರೆದು ಕಳುಹಿಸಬಹುದು. ಗುಂಪು ಹಿಂಸೆ ತಡೆಯಲು ಪ್ರತಿ ಜಿಲ್ಲೆಗೂ ಒಬ್ಬ ನೋಡಲ್ ಅಧಿಕಾರಿ ಇರಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಊರಿನ ಒಬ್ಬ ಮೇಷ್ಟ್ರು, ಒಬ್ಬ ವಕೀಲರು ಇಷ್ಟು ತಿಳಿದುಕೊಂಡು ಜೊತೆಗೆ ನಿಂತರೆ ಠಾಣೆಯ ಮೆಟ್ಟಿಲು ಹತ್ತುವುದು ಅಷ್ಟು ಕಷ್ಟವೆನಿಸುವುದಿಲ್ಲ.

‘ಮತಾಂತರ ಮಾಡಿದರೆ ಸುಮ್ಮನಿರಬೇಕೇ?’ ಎಂದು ಕೇಳುವವರಿದ್ದಾರೆ. ಕಾನೂನು ಮೀರಿದ್ದೇನಾದರೂ ಕಂಡರೆ ದೂರು ಕೊಡಿ, ತನಿಖೆಯಾಗಲಿ. ಬಾಗಿಲು ನೂಕಿ ಒಳನುಗ್ಗುವ ಅಧಿಕಾರವನ್ನು ಸಂವಿಧಾನ ಯಾರಿಗೂ ಕೊಟ್ಟಿಲ್ಲ. ತನಗೆ ಬೇಕಾದ ದೇವರನ್ನು ಪ್ರಾರ್ಥಿಸುವ ಹಕ್ಕನ್ನು 25ನೇ ವಿಧಿ ಎಲ್ಲರಿಗೂ ಕೊಟ್ಟಿದೆ.

ನುಗ್ಗಿದವರೂ ನಮ್ಮ ಊರುಗಳ ಹುಡುಗರೇ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಮಿಲಾಗ್ರಿಸ್ ಬಳಿಯ ಅಡೋರೇಷನ್ ಮಾನೆಸ್ಟ್ರಿಯೂ ಸೇರಿದಂತೆ ಕರಾವಳಿ, ಮಲೆನಾಡಿನ ಹಲವು ಕಡೆ ದಾಳಿ ನಡೆದಾಗ ಬಜರಂಗದಳದ ರಾಜ್ಯ ಸಂಚಾಲಕರಾಗಿದ್ದವರು ಮಹೇಂದ್ರ ಕುಮಾರ್. ದಾಳಿಯನ್ನು ಸಮರ್ಥಿಸಿಕೊಂಡು ಜೈಲಿಗೂ ಹೋದರು. ಆಮೇಲೆ ಸಂಘಟನೆ ಬಿಟ್ಟರು. 2020ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವವರೆಗೂ ಊರೂರು ತಿರುಗಿ ಕೋಮುದ್ವೇಷದ ವಿರುದ್ಧ ಮಾತನಾಡಿದರು. ಮನುಷ್ಯ ಬದಲಾಗುತ್ತಾನೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಹಾಗಾಗಿ ಆ ಹುಡುಗರ ಮನೆಗೂ ಹೋಗಿ ಮಾತನಾಡುವ ಹಿರಿಯರು ಊರಿಗೆ ಬೇಕು.

ಬೇರೆ ಮತದವರ ಜೊತೆ ನಿಲ್ಲುವ ಪಾಠವನ್ನು ಬೇಲೂರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಚೆನ್ನಕೇಶವನ ರಥೋತ್ಸವದಲ್ಲಿ ಖಾಜಿಯವರು ಕುರಾನ್ ಪಠಿಸುವ ವಾಡಿಕೆ ಇಲ್ಲಿಯದೇ. 2022ರಲ್ಲಿ, ಪ್ರಾರ್ಥನಾ ಮಂದಿರದ ಗಲಾಟೆಯಾಗಿ ಐದು ತಿಂಗಳೂ ತುಂಬಿರಲಿಲ್ಲ, ಆ ವಾಡಿಕೆ ನಿಲ್ಲಿಸಬೇಕೆಂಬ ಒತ್ತಾಯ ಬಂತು. ಮುಜರಾಯಿ ಇಲಾಖೆ ಒಪ್ಪಲಿಲ್ಲ. ಪಠಣವೂ ನಡೆಯಿತು, ತೇರೂ ಸಾಗಿತು. ದೇವರ ತೇರಿಗೆ ಇನ್ನೊಂದು ಮತದವರನ್ನು ಕರೆದು ನಿಲ್ಲಿಸಿಕೊಂಡ ಊರು ಬೀದಿ ಕೊನೆಯ ಪ್ರಾರ್ಥನಾ ಕೋಣೆಯ ಮುಂದೆಯೂ ನಿಲ್ಲಬಲ್ಲದು.

ಹೀಗೆ ನಿಂತ ಜನ ಜಗತ್ತಿನಲ್ಲಿದ್ದಾರೆ. 2011ರ ಹೊಸ ವರ್ಷದ ಹೊತ್ತಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಚರ್ಚಿನ ಎದುರು ಬಾಂಬ್ ಸಿಡಿದು ಇಪ್ಪತ್ತಕ್ಕೂ ಹೆಚ್ಚು ಕಾಪ್ಟಿಕ್ ಕ್ರೈಸ್ತರು ಸತ್ತರು. ವಾರ ಕಳೆಯುವುದರೊಳಗೆ ಅವರ ಕ್ರಿಸ್‌ಮಸ್. ಆ ರಾತ್ರಿ ಮುಸ್ಲಿಮರು ಚರ್ಚುಗಳಿಗೆ ಬಂದು ಪೂಜೆಯಲ್ಲಿ ಜೊತೆಗಿದ್ದರು, ಹೊರಗೆ ಕಾವಲಿದ್ದರು. ಕೆಲವೇ ವಾರಗಳಲ್ಲಿ ಕೈರೋದ ತಹ್ರೀರ್ ಚೌಕದಲ್ಲಿ ಮುಸ್ಲಿಮರು ನಮಾಜು ಮಾಡುವಾಗ ಕ್ರೈಸ್ತರು ಕೈ ಕೈ ಹಿಡಿದು ಸುತ್ತ ನಿಂತರು.

ನಿಮ್ಮ ಬೀದಿಯಲ್ಲಿ, ನಿಮ್ಮ ತೋಟದ ಲೈನಿನಲ್ಲಿ ಇಂಥ ಸಣ್ಣ ಪ್ರಾರ್ಥನಾ ಗುಂಪು ಇದ್ದರೆ ಒಮ್ಮೆ ಹೋಗಿ ಮಾತನಾಡಿಸಿ ಬನ್ನಿ. ನಿಮ್ಮ ಫೋನ್ ನಂಬರ್ ಕೊಡಿ, ಯಾರಾದರೂ ಬಂದು ಬೆದರಿಸಿದರೆ ಕರೆಯಿರಿ ಎನ್ನಿ. ಕರೆ ಬಂದ ದಿನ ತಪ್ಪದೆ ಹೋಗಿ.