ಹೊರ ರಾಜ್ಯಗಳ ಹಳೆಯ ವಾಹನಗಳನ್ನು ಕರ್ನಾಟಕದಲ್ಲಿ ನೋಂದಾಯಿಸುವ ವಿಧಾನ ಮತ್ತು ಹೊಗೆ ಪ್ರಮಾಣದ ನಿಯಮಗಳು

ಹೊರ ರಾಜ್ಯದಲ್ಲಿ ನೋಂದಣಿಯಾದ ಹಳೆಯ ಕಾರು ಅಥವಾ ಮೋಟಾರ್ ಸೈಕಲನ್ನು ಖರೀದಿಯಿಂದಲೋ, ವಾರಸುದಾರಿಕೆಯಿಂದಲೋ, ಉದ್ಯೋಗದ ವರ್ಗಾವಣೆಯ ಕಾರಣದಿಂದಲೋ ಕರ್ನಾಟಕಕ್ಕೆ ತರುವ ಮಾಲೀಕರಲ್ಲಿ ಸಾಮಾನ್ಯವಾಗಿ ಎರಡು ಸಂದೇಹಗಳಿರುತ್ತವೆ. ಇಷ್ಟು ಹಳೆಯ ಎಂಜಿನ್ ಇಂದಿನ ಹೊಗೆ ತಪಾಸಣೆಯಲ್ಲಿ ತೇರ್ಗಡೆಯಾಗುವುದೇ ಎಂಬುದು ಒಂದು. ವಾಹನದ ಮೂಲ ನೋಂದಣಿ ಸಂಖ್ಯೆ ಉಳಿಯುವುದೇ ಎಂಬುದು ಇನ್ನೊಂದು. ಮೊದಲನೆಯದರ ಬಗ್ಗೆ ಆತಂಕಪಡಬೇಕಾದ ಕಾರಣ ಕಡಿಮೆ. ಎರಡನೆಯದನ್ನು ಮಾತ್ರ ಅರ್ಜಿ ಸಲ್ಲಿಸುವ ಮುನ್ನವೇ ತೀರ್ಮಾನಿಸಿಕೊಳ್ಳುವುದು ಅವಶ್ಯ. ಒಮ್ಮೆ ಹೊಸ ಗುರುತು ನೀಡಿದ ಮೇಲೆ ಹಳೆಯ ಸಂಖ್ಯೆಯು ಆ ವಾಹನಕ್ಕೆ ಸೇರಿದ್ದಾಗಿ ಉಳಿಯುವುದಿಲ್ಲ.

ಕಾಲಾವಧಿ ಮತ್ತು ನಿರಾಕ್ಷೇಪಣಾ ಪತ್ರ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 46ರ ಪ್ರಕಾರ ಒಂದು ರಾಜ್ಯದ ನೋಂದಣಿಯು ಇಡೀ ದೇಶಕ್ಕೆ ಊರ್ಜಿತವಾಗಿರುತ್ತದೆ. ಆದರೆ ವಾಹನವನ್ನು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡಲ್ಲಿ ಕಲಂ 47ರನ್ವಯ ಹೊಸ ನೋಂದಣಿ ಗುರುತಿಗಾಗಿ ನಮೂನೆ 27ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗಿ ನೆರೆರಾಜ್ಯಗಳಲ್ಲಿ ಮಾರಾಟವಾದ ಮೋಟಾರ್ ಸೈಕಲುಗಳು ಈಗ ತವರಿಗೆ ಮರಳುವುದುಂಟು. ಕಾನೂನಿನ ದೃಷ್ಟಿಯಲ್ಲಿ ಅವೂ ಹೊರ ರಾಜ್ಯದ ವಾಹನಗಳೇ ಆಗಿರುತ್ತವೆ.

ಮೂಲ ರಾಜ್ಯದ ನೋಂದಣಿ ಪ್ರಾಧಿಕಾರದಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಪಡೆಯುವುದು ಪ್ರಥಮ ಹಂತ. ವಾಹನ ಕಳವಿನ ಪ್ರಕರಣ ಬಾಕಿ ಇಲ್ಲವೆಂಬ ಪೊಲೀಸ್ ವರದಿಯನ್ನು ಪಡೆದ ನಂತರವೇ ಪ್ರಾಧಿಕಾರವು ಇದನ್ನು ನೀಡುತ್ತದೆ. ಅರ್ಜಿ ಸ್ವೀಕರಿಸಿದ ಮೂವತ್ತು ದಿನಗಳೊಳಗೆ ಪತ್ರ ನೀಡಬೇಕು, ಇಲ್ಲವೇ ಕಾರಣ ಸಹಿತ ಲಿಖಿತವಾಗಿ ನಿರಾಕರಿಸಬೇಕು. ಎರಡೂ ಆಗದಿದ್ದಲ್ಲಿ ಪತ್ರವನ್ನು ನೀಡಿರುವುದಾಗಿಯೇ ಭಾವಿಸತಕ್ಕದ್ದೆಂದು ಕಲಂ 48 ಹೇಳುತ್ತದೆ. ಅಂತಹ ಸಂದರ್ಭದಲ್ಲಿ ಮಾಲೀಕರು ಅರ್ಜಿ ಸಲ್ಲಿಸಿದ ರಸೀತಿ ಅಥವಾ ಅಂಚೆ ಸ್ವೀಕೃತಿಯೊಂದಿಗೆ, ನಿರಾಕರಣೆಯ ಯಾವುದೇ ಪತ್ರ ತಮಗೆ ಬಂದಿಲ್ಲವೆಂಬ ಘೋಷಣೆಯನ್ನು ಲಗತ್ತಿಸಬಹುದು. ಈ ಅವಕಾಶ ಅನೇಕರ ಗಮನಕ್ಕೆ ಬಂದಿಲ್ಲ. ಆದುದರಿಂದ ರಸೀತಿಯನ್ನು ಜೋಪಾನವಾಗಿ ಇರಿಸಿಕೊಳ್ಳುವುದು ಒಳಿತು.

ಹಳೆಯ ವಾಹನಗಳ ವಿಷಯದಲ್ಲಿ ವಿಳಂಬಕ್ಕೆ ಮುಖ್ಯ ಕಾರಣ ಬೇರೆಯೇ ಇದೆ. 1960 ಮತ್ತು 1970ರ ದಶಕಗಳ ನೋಂದಣಿಗಳು ಕೈಬರಹದ ರಿಜಿಸ್ಟರುಗಳಲ್ಲಿವೆ. ಅವು ವಾಹನ್ ಗಣಕ ದತ್ತಾಂಶಕ್ಕೆ ಸೇರ್ಪಡೆಯಾಗದೆ ಉಳಿದಿದ್ದಲ್ಲಿ ನಿರಾಕ್ಷೇಪಣಾ ಪತ್ರವಾಗಲಿ, ಹೊಗೆ ತಪಾಸಣಾ ಪ್ರಮಾಣಪತ್ರವಾಗಲಿ ಸುಲಭವಾಗಿ ದೊರೆಯುವುದಿಲ್ಲ. ಈ ಸೇರ್ಪಡೆಯನ್ನು ಮಾಡಬೇಕಾದುದು ಮೂಲ ರಾಜ್ಯದ ಕಛೇರಿಯೇ ಹೊರತು ಕರ್ನಾಟಕದ ಕಛೇರಿಯಲ್ಲ. ಹಣ ಸಂದಾಯ ಮಾಡುವ ಮುನ್ನ ವಾಹನದ ಸಂಖ್ಯೆಯನ್ನು ಪರಿವಾಹನ್ ಜಾಲತಾಣದಲ್ಲಿ ಪರಿಶೀಲಿಸಿ, ಎಂಜಿನ್ ಹಾಗೂ ಚಾಸಿಸ್ ಸಂಖ್ಯೆಗಳು ನೋಂದಣಿ ಪುಸ್ತಕದೊಂದಿಗೆ ತಾಳೆಯಾಗುತ್ತವೆಯೇ ಎಂದು ನೋಡಿಕೊಳ್ಳುವ ಖರೀದಿದಾರರಿಗೆ ಮುಂದಿನ ಅರ್ಧ ಅಲೆದಾಟ ತಪ್ಪುತ್ತದೆ.

ಹದಿನೈದು ವರ್ಷಗಳ ನೋಂದಣಿ ಅವಧಿ ಮುಗಿದು ನವೀಕರಣವಾಗದಿರುವ ವಾಹನವನ್ನು ರಸ್ತೆಯಲ್ಲಿ ಚಲಾಯಿಸಿಕೊಂಡು ಬರುವಂತಿಲ್ಲ. ಲಾರಿಯ ಮೇಲೆ ತರುವುದೇ ಸೂಕ್ತ.

ಎರಡು ಮಾರ್ಗಗಳು

ಇಲ್ಲಿಂದ ಮುಂದೆ ವಾಹನದ ವಯಸ್ಸು ಮುಖ್ಯವಾಗುತ್ತದೆ. 2021ರ ಜುಲೈ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ಕ್ಕೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ವ್ಯವಸ್ಥೆ ಕಲ್ಪಿಸಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿದ, ಮೂಲ ಸ್ವರೂಪದಲ್ಲಿಯೇ ಉಳಿದಿರುವ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳಿಗೆ ಇದು ಅನ್ವಯ. ಚಾಸಿಸ್, ಬಾಡಿ ಅಥವಾ ಎಂಜಿನ್ ಮಾರ್ಪಾಡಾಗಿರಕೂಡದು. 1968ರಲ್ಲಿ ಮದರಾಸಿನಲ್ಲಿ ನೋಂದಣಿಯಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಈ ವರ್ಗಕ್ಕೆ ಬರುತ್ತದೆ. 1985ರ ಪ್ರೀಮಿಯರ್ ಪದ್ಮಿನಿಯನ್ನು ಜನರು ಎಷ್ಟೇ ಅಭಿಮಾನದಿಂದ ವಿಂಟೇಜ್ ಎಂದು ಕರೆದರೂ 2035ರವರೆಗೆ ಅದು ನಿಯಮದ ಪ್ರಕಾರ ಸಾಮಾನ್ಯ ಹಳೆಯ ಕಾರು ಮಾತ್ರ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಜೋಡಿಸಿದ ಜೀಪು, ಅಂಬಾಸಿಡರ್‌ಗಳು ವಯಸ್ಸಿನಲ್ಲಿ ಅರ್ಹವಾದರೂ ಈ ಸೌಲಭ್ಯದಿಂದ ಹೊರಗುಳಿಯುತ್ತವೆ.

ಈ ವ್ಯವಸ್ಥೆಯಡಿ ಈಗಾಗಲೇ ನೋಂದಣಿಯಾಗಿರುವ ವಾಹನವು ತನ್ನ ಮೂಲ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಣಿಯಾಗುವವುಗಳಿಗೆ ರಾಜ್ಯ ಸಂಕೇತದ ನಂತರ ‘ವಿಎ’ ಅಕ್ಷರಗಳಿರುವ ಸಂಖ್ಯೆ ನೀಡಲಾಗುತ್ತದೆ. ನಮೂನೆ 20ರಲ್ಲಿ ಅರ್ಜಿ, ವಿಮಾ ಪತ್ರ, ಹಳೆಯ ನೋಂದಣಿ ಪ್ರಮಾಣಪತ್ರ ಹಾಗೂ ರೂ. 20,000 ಶುಲ್ಕ ಅಗತ್ಯ. ಪ್ರಮಾಣಪತ್ರದ ಅವಧಿ ಹತ್ತು ವರ್ಷ, ಮರುನೋಂದಣಿಗೆ ರೂ. 5,000. ಆದರೆ ವಾಹನವನ್ನು ಪ್ರದರ್ಶನ, ವಿಂಟೇಜ್ ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು ಮತ್ತು ದುರಸ್ತಿಯಂತಹ ಉದ್ದೇಶಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದು. ದಿನನಿತ್ಯ ಕಛೇರಿಗೆ ಹೋಗಿಬರಲು, ಬಾಡಿಗೆಗೆ ಅಥವಾ ಇತರ ವಾಣಿಜ್ಯ ಉದ್ದೇಶಕ್ಕೆ ಬಳಸುವಂತಿಲ್ಲ.

ನಿತ್ಯ ಬಳಕೆ ಬೇಕೆನ್ನುವವರಿಗೆ ಸಾಮಾನ್ಯ ಮಾರ್ಗವೇ ಗತಿ. ಅದರಲ್ಲಿ ‘ಕೆಎ’ ಸಂಖ್ಯೆ ಬರುತ್ತದೆ, ಹಳೆಯ ಸಂಖ್ಯೆ ಹೋಗುತ್ತದೆ, ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನಮೂನೆ 25ರಲ್ಲಿ ನವೀಕರಿಸಬೇಕಾಗುತ್ತದೆ. 2025ರ ಆಗಸ್ಟ್ ತಿಂಗಳ ತಿದ್ದುಪಡಿಯಂತೆ ಇಪ್ಪತ್ತು ವರ್ಷ ಮೀರಿದ ಲಘು ಮೋಟಾರು ವಾಹನದ ನವೀಕರಣ ಶುಲ್ಕ ರೂ. 10,000, ಮೋಟಾರ್ ಸೈಕಲಿನದು ರೂ. 2,000, ಆಮದು ಮಾಡಿದ ಕಾರಿಗೆ ರೂ. 80,000. ಲೆಕ್ಕ ಹಾಕಿದರೆ ದೇಶೀಯ ಕಾರಿಗೆ ಮೊದಲ ಹತ್ತು ವರ್ಷಗಳ ಶುಲ್ಕ ಎರಡೂ ಮಾರ್ಗಗಳಲ್ಲಿ ಸರಿಸುಮಾರು ಒಂದೇ. ಮೋಟಾರ್ ಸೈಕಲಿಗೆ ವಿಂಟೇಜ್ ಮಾರ್ಗ ಐದು ಪಟ್ಟು ದುಬಾರಿ. ಆಮದು ಕಾರಿಗೆ ಅದೇ ಮಾರ್ಗ ಬಹಳ ಅಗ್ಗ. ಹಳೆಯ ಸಂಖ್ಯೆಯ ಮೇಲಿನ ಮಮತೆಯೊಂದಿಗೆ ಈ ಲೆಕ್ಕವನ್ನೂ ಇಟ್ಟು ನೋಡುವುದು ಸೂಕ್ತ.

ಹೊಗೆ ಪ್ರಮಾಣ

ಭಾರತ್ ಸ್ಟೇಜ್ 6 ಜಾರಿಯಾದ (2020ರ ಏಪ್ರಿಲ್ 1) ನಂತರ ಹಳೆಯ ಕಾರುಗಳು ಹೊಸ ರಾಜ್ಯದಲ್ಲಿ ನೋಂದಣಿಯಾಗುವುದಿಲ್ಲವೆಂಬ ಮಾತು ಪ್ರಚಾರದಲ್ಲಿದೆ. ಇದು ಸರಿಯಲ್ಲ. ಭಾರತ್ ಸ್ಟೇಜ್ ಮಾನದಂಡಗಳನ್ನು ಹೊಸ ವಾಹನ ತಯಾರಿಕೆಯ ಹಂತದಲ್ಲಿ ಪಾಲಿಸಬೇಕು. ಬಳಕೆಯಲ್ಲಿರುವ ವಾಹನವನ್ನು ನಿಯಮ 115ರ ಪ್ರಕಾರ, ಅದು ತಯಾರಾದ ಕಾಲಕ್ಕೆ ನಿಗದಿಯಾದ ಮಿತಿಯಂತೆ ಪರೀಕ್ಷಿಸಲಾಗುತ್ತದೆ. ರಾಜ್ಯ ಬದಲಾದ ಮಾತ್ರಕ್ಕೆ ಈ ಮಿತಿ ಬದಲಾಗದು.

ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ಪೆಟ್ರೋಲ್ ಕಾರಿನ ಎಂಜಿನ್ ನಿಂತಲ್ಲೇ ನಿಧಾನವಾಗಿ ಓಡುತ್ತಿರುವಾಗ ಕಾರ್ಬನ್ ಮಾನಾಕ್ಸೈಡ್ ಶೇಕಡಾ 3 ಹಾಗೂ ಹೈಡ್ರೋಕಾರ್ಬನ್ ಹತ್ತು ಲಕ್ಷಕ್ಕೆ 1500 ಭಾಗ ಮೀರಿರಬಾರದು. ಭಾರತ್ ಸ್ಟೇಜ್ 2 ಮತ್ತು 3ರ ಕಾರುಗಳಿಗೆ ಇದು ಶೇಕಡಾ 0.5 ಮತ್ತು 750ಕ್ಕೆ ಇಳಿಯುತ್ತದೆ. 2000ದ ಏಪ್ರಿಲ್‌ಗಿಂತ ಹಿಂದಿನ ದ್ವಿಚಕ್ರ ವಾಹನಗಳಿಗೆ ಶೇಕಡಾ 4.5 ಮತ್ತು 9000. ಹಳೆಯ ಡೀಸೆಲ್ ವಾಹನಗಳ ಹೊಗೆ ದಟ್ಟಣೆ 65 ಹಾರ್ಟ್ರಿಡ್ಜ್ ಘಟಕಗಳೊಳಗಿರಬೇಕು. ಇಂತಹ ವಾಹನಗಳು ಆರು ತಿಂಗಳಿಗೊಮ್ಮೆ ಪ್ರಮಾಣಪತ್ರ ಪಡೆಯತಕ್ಕದ್ದು.

ಕಾರ್ಬುರೇಟರ್ ಇರುವ ಕಾರು ಅನುತ್ತೀರ್ಣವಾದಲ್ಲಿ ಎಂಜಿನ್ ಬದಲಿಸುವ ಮಾತಿಗೆ ಮೊದಲು ಏರ್ ಫಿಲ್ಟರ್ ಸ್ವಚ್ಛಗೊಳಿಸಿ, ಪ್ಲಗ್ ಹಾಗೂ ಇಗ್ನಿಷನ್ ಟೈಮಿಂಗ್ ಸರಿಪಡಿಸಿ, ಗಾಳಿ ಮತ್ತು ಪೆಟ್ರೋಲ್ ಮಿಶ್ರಣವನ್ನು ಹೊಂದಿಸಿ ನೋಡಬೇಕು. ತಣ್ಣನೆಯ ಎಂಜಿನ್ನಿನೊಂದಿಗೆ, ಚೋಕ್ ಎಳೆದೇ ತಪಾಸಣಾ ಕೇಂದ್ರಕ್ಕೆ ಬರುವುದು ತರವಲ್ಲ.

ದೆಹಲಿ ರಾಷ್ಟ್ರ ರಾಜಧಾನಿ ಪ್ರದೇಶದಿಂದ ವಾಹನ ಖರೀದಿಸುವವರು ವಿಶೇಷ ಎಚ್ಚರ ವಹಿಸತಕ್ಕದ್ದು. ಅಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಹಾಗೂ ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನಗಳ ಸಂಚಾರವನ್ನು ಸರ್ವೋಚ್ಚ ನ್ಯಾಯಾಲಯವು 2018ರ ಅಕ್ಟೋಬರ್ 29ರಂದು ನಿರ್ಬಂಧಿಸಿತು. 2025ರಲ್ಲಿ ಈ ಕುರಿತು ಮತ್ತೆ ಆದೇಶಗಳಾಗಿವೆ. ಆ ನಿರ್ಬಂಧ ಆ ಪ್ರದೇಶಕ್ಕೆ ಸೀಮಿತವಾದುದು. ಕರ್ನಾಟಕದಲ್ಲಿ ಖಾಸಗಿ ಕಾರನ್ನು ಕೇವಲ ವಯಸ್ಸಿನ ಆಧಾರದಿಂದ ನಿಷೇಧಿಸಿಲ್ಲ. ಆದರೂ ನಿರಾಕ್ಷೇಪಣಾ ಪತ್ರ ಕೈಗೆ ಬರುವ ಮುನ್ನ ಪೂರ್ಣ ಹಣ ಕೊಡುವುದು ವಿವೇಕವಲ್ಲ.

ತೆರಿಗೆ ಮತ್ತು ಹಕ್ಕು ವರ್ಗಾವಣೆ

ಸಾಮಾನ್ಯ ಮಾರ್ಗದಲ್ಲಿ ಹೊಸ ಗುರುತು ಪಡೆಯುವಾಗ ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಅಧಿನಿಯಮ, 1957ರನ್ವಯ ಜೀವಾವಧಿ ತೆರಿಗೆ ಪಾವತಿಸತಕ್ಕದ್ದು. ವಾಹನದ ವಯಸ್ಸು ಹೆಚ್ಚಿದಂತೆ ತೆರಿಗೆಯ ಪ್ರಮಾಣ ಇಳಿಯುತ್ತದೆ. ಹೊರ ರಾಜ್ಯದ ವಾಹನ ಮೂವತ್ತು ದಿನ ಮೀರಿ ಇಲ್ಲಿದ್ದರೆ ಜೀವಾವಧಿ ತೆರಿಗೆ ವಿಧಿಸುವ 2014ರ ತಿದ್ದುಪಡಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2016ರಲ್ಲಿ ರದ್ದುಪಡಿಸಿದೆ.

ಖರೀದಿಯಾಗಿದ್ದಲ್ಲಿ ನಮೂನೆ 29 ಮತ್ತು 30ನ್ನೂ ಸಲ್ಲಿಸಬೇಕು. ಮಾಲೀಕರು ಮೃತಪಟ್ಟು ವಾಹನವು ವಾರಸುದಾರರಿಗೆ ಬಂದಿದ್ದರೆ, ಮರಣದ ಮೂವತ್ತು ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಬಹಳ ವರ್ಷ ಶೆಡ್ಡಿನಲ್ಲಿ ನಿಂತಿದ್ದ ತಂದೆಯವರ ಅಥವಾ ತಾತನವರ ಕಾರನ್ನು ಹೊರತೆಗೆಯುವ ಕುಟುಂಬಗಳು ಮೊದಲು ಈ ವರ್ಗಾವಣೆಯನ್ನು ಮೂಲ ರಾಜ್ಯದಲ್ಲಿಯೇ ಪೂರ್ಣಗೊಳಿಸಿಕೊಂಡು, ತದನಂತರ ನಿರಾಕ್ಷೇಪಣಾ ಪತ್ರಕ್ಕೆ ಅರ್ಜಿ ಹಾಕುವುದು ಅನುಕೂಲಕರ.